ಎಲ್ಲ ಯಂತ್ರಗಳೂ ಒಟ್ಟಿಗೆ ನಿಂತಾಗ

ನಾನು ಕೆಲಸ ಮಾಡುವ ಆಟದ ಹಾಲ್‌ಗೆ ಕಿಟಕಿಗಳಿವೆ ಎಂಬುದೇ ನನಗೆ ಬಹಳ ದಿನ ಗೊತ್ತಿರಲಿಲ್ಲ. ಗೋಡೆಯ ಜೊತೆ ಅವಕ್ಕೂ ಕಡುನೀಲಿ ಬಣ್ಣ ಬಳಿದುಬಿಟ್ಟಿದ್ದರು. ಗಡಿಯಾರವೂ ಇರಲಿಲ್ಲ. ಒಳಗೆ ಬಂದು ಕೂತವರಿಗೆ ಹೊರಗೆ ಮಧ್ಯಾಹ್ನವೋ ಸಂಜೆಯೋ ತಿಳಿಯಬಾರದು ಎಂಬುದು ಮಾಲೀಕರ ಉಪಾಯ.

ಅಲ್ಲಿ ಆಡುವುದು ಸುಲಭ. ಕೌಂಟರಿನಲ್ಲಿ ದುಡ್ಡು ಕೊಟ್ಟು ಹಿತ್ತಾಳೆ ಬಿಲ್ಲೆ ತೆಗೆದುಕೊಳ್ಳಬೇಕು, ಬಿಲ್ಲೆಯನ್ನು ಯಂತ್ರದ ಬಾಯಿಗೆ ಹಾಕಿ ಹಿಡಿಕೆ ಎಳೆಯಬೇಕು. ಗಾಜಿನ ಹಿಂದೆ ಮೂರು ಚಕ್ರಗಳು ತಿರುಗುತ್ತವೆ. ಮೂರರಲ್ಲೂ ಒಂದೇ ಚಿತ್ರ ಬಂದು ನಿಂತರೆ ಕೆಳಗಿನ ತಟ್ಟೆಗೆ ಬಿಲ್ಲೆಗಳು ಜಣಜಣ ಸುರಿಯುತ್ತವೆ. ಬರದಿದ್ದರೆ ಇನ್ನೊಂದು ಬಿಲ್ಲೆ. ನನ್ನ ಕೆಲಸ ಆ ಗಾಜು ಒರೆಸುವುದು, ಸ್ಟೂಲುಗಳನ್ನು ನೆಟ್ಟಗಿಡುವುದು. ಬಾಯಿ ತೆರೆಯುವ ಅಗತ್ಯವೇ ಇಲ್ಲದ ಕೆಲಸ, ಹಾಗಾಗಿ ನನಗೆ ಹಿಡಿಸಿತ್ತು. ಮಾಲೀಕರು ನನ್ನನ್ನು ‘ಪಿಸುಮಾತು’ ಎಂದು ಕರೆಯುತ್ತಿದ್ದರು.

ಆ ಕೆಲಸಕ್ಕೆ ನನ್ನನ್ನು ಸೇರಿಸಿದವಳು ಚಿಕ್ಕಮ್ಮ. ಅವಳು ದಿನವೂ ಅಲ್ಲಿಗೆ ಆಡಲು ಬರುತ್ತಿದ್ದಳು. “ಹುಡುಗಿ ನನ್ನ ಕಣ್ಣೆದುರಿಗೇ ಇರ್ತಾಳೆ ಬಿಡಕ್ಕಾ” ಎಂದು ಅವಳು ಅಮ್ಮನಿಗೆ ಹೇಳಿದಳು. ಅವಳು ಆಚೆ ಹೋದ ಮೇಲೆ ಅಮ್ಮ ನನ್ನ ಕಿವಿಯಲ್ಲಿ, “ಅವಳ ಮೇಲೆ ಒಂದು ಕಣ್ಣಿಟ್ಟಿರು” ಎಂದಳು. ಹೀಗೆ ನಾವಿಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಒಂದೇ ಸೂರಿನಡಿ ದಿನ ಕಳೆಯುತ್ತಿದ್ದೆವು.

ಚಿಕ್ಕಮ್ಮ ಟೈಲರ್. ಬಟ್ಟೆ ಮುಟ್ಟಿದರೆ ಸಾಕು, ಅದು ಎಲ್ಲಿ ಜೋಲುತ್ತದೆ, ಎಲ್ಲಿ ಸೆಟೆದು ನಿಲ್ಲುತ್ತದೆ ಎಂದು ಅವಳ ಬೆರಳಿಗೆ ತಿಳಿಯುತ್ತಿತ್ತು. ಆದರೆ ಹಾಲ್‌ನ ಮೂಲೆಯ ಯಂತ್ರದ ರುಚಿ ಹತ್ತಿದ ಮೇಲೆ, ನಾವೆಲ್ಲ ಒಟ್ಟಿಗಿದ್ದ ಮನೆಯ ಮುಂದಿನ ಕೋಣೆಯಲ್ಲಿದ್ದ ಅವಳ ಹೊಲಿಗೆ ಯಂತ್ರ ಮೇಜಾಗಿ ಹೋಯಿತು. ಅದರ ಮೇಲೆ ಮಡಿಸಿದ ಬಟ್ಟೆ, ಇಸ್ತ್ರಿಪೆಟ್ಟಿಗೆ, ಅಪ್ಪನ ಟೋಪಿ. ಎಲ್ಲಕ್ಕಿಂತ ಕೆಳಗೆ ಕೆಂಪು ಬಟ್ಟೆಯ ದೊಡ್ಡ ಸುರುಳಿ.

ಆ ಬಟ್ಟೆ ಊರಿನ ಬ್ಯಾಂಡಿನವರದು. ಇಡೀ ತಂಡಕ್ಕೆ ಹೊಸ ಕೋಟು ಹೊಲಿಯಬೇಕೆಂದು ಬ್ಯಾಂಡ್ ಮಾಸ್ಟರ್ ಅದನ್ನು ತಾವೇ ಹೆಗಲ ಮೇಲೆ ಹೊತ್ತು ತಂದು ಇಳಿಸಿ ಹೋಗಿದ್ದರು. ಆಮೇಲೆ ಅವರು ಬಂದಾಗಲೆಲ್ಲ ಚಿಕ್ಕಮ್ಮ ಮನೆಯಲ್ಲಿರುತ್ತಿರಲಿಲ್ಲ. ಅವಳಿದ್ದಾಗ ಅವರು ಬಂದರೆ, “ನಾಳೆ ಅಳತೆ ತಗೋತೀನಿ ಮಾಸ್ಟ್ರೇ, ನಾಳೆ” ಎನ್ನುತ್ತ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುತ್ತಿದ್ದಳು. ಒಳ್ಳೆಯ ಮನುಷ್ಯ, ಜಗಳ ಬರದು. ಕೊನೆಗೆ ಅವರು ಅಮ್ಮನ ಹತ್ತಿರ ತಲೆ ತಗ್ಗಿಸಿ, “ತಿಂಗಳ ಕೊನೇ ಶನಿವಾರ ಬಂದು ಬಟ್ಟೆ ವಾಪಸ್ ತಗೊಂಡು ಹೋಗ್ತೀನಮ್ಮ. ಬೇರೆಯವರಿಗೆ ಕೊಡ್ತೀನಿ. ಟೈಲರಮ್ಮಂಗೆ ಬೇಜಾರು ಮಾಡ್ಕೋಬೇಡಿ ಅನ್ನಿ” ಎಂದರು.

ಅಂದು ಅಮ್ಮ ಹೊಲಿಗೆ ಯಂತ್ರದ ಪಕ್ಕ ಬಹಳ ಹೊತ್ತು ನಿಂತಿದ್ದಳು. “ಈ ಬಟ್ಟೆ ಹೋದರೆ ಯಂತ್ರಾನೂ ಹೋಗುತ್ತೆ ಕಣೇ. ಕೈ ಬಿಟ್ಟ ಕೆಲಸ ಮತ್ತೆ ಕೈಗೆ ಹತ್ತಲ್ಲ” ಎಂದಳು. ನನಗೂ ಹಾಗೇ ಅನ್ನಿಸಿತು.

ಹಾಲ್‌ನಲ್ಲಿ ಹೊಸ ನಿಯಮಗಳು ಬಂದದ್ದು ಅದೇ ಸಮಯಕ್ಕೆ. ನಿಯಮದ ಜೊತೆ ಒಬ್ಬ ತಪಾಸಣೆ ಮೇಡಂ ಬಂದರು. ಗಿಡ್ಡ ಹೆಂಗಸು, ದೊಡ್ಡ ಕೈಚೀಲ. ಅವರು ಯಂತ್ರಗಳನ್ನು ನೋಡುವ ಮೊದಲು ಗೋಡೆಯನ್ನು ನೋಡಿದರು, ಬೆರಳಿನಿಂದ ತಟ್ಟಿದರು. ಟಣ್ ಎಂದಿತು.

“ಇದು ಗೋಡೆ ಅಲ್ಲ, ಗಾಜು” ಎಂದರು.

“ಇರಬಹುದು ಮೇಡಂ” ಎಂದರು ಮಾಲೀಕರು, ತಾವೂ ಈಗಷ್ಟೇ ಕೇಳಿದವರ ಹಾಗೆ.

“ಬಣ್ಣ ಕೆರೆಸಿ. ಬೆಳಕು ಬರಬೇಕು. ಎಲ್ಲರಿಗೂ ಕಾಣೋ ಕಡೆ ಗಡಿಯಾರ ಹಾಕಿಸಿ. ಪ್ರತಿ ಯಂತ್ರದ ಮೇಲೂ ಗೆಲ್ಲೋ ಸಾಧ್ಯತೆ ಎಷ್ಟು ಅಂತ ದಪ್ಪ ಅಕ್ಷರದಲ್ಲಿ ಬರೆಸಿ, ಸ್ಟೂಲ್ ಮೇಲೆ ಕೂತೋರಿಗೆ ಕಾಣಬೇಕು.”

“ಅಯ್ಯೋ ಮೇಡಂ, ಅದನ್ನ ಓದಿದ್ರೆ ಆಡ್ತಾರಾ?”

“ಬಿಸ್ಕತ್ ಪೊಟ್ಟಣದ ಮೇಲೆ ತೂಕ ಬರೆಯಲ್ವಾ ರೀ? ಕೊಳ್ಳೋರಿಗೆ ಏನು ಕೊಳ್ತಿದ್ದೀವಿ ಅಂತ ಗೊತ್ತಿರಬೇಕು. ಅಷ್ಟೇ.”

ಇನ್ನೂ ಇತ್ತು. ಯಾರೇ ಆಗಲಿ ಒಂದು ಗಂಟೆ ಬಿಡದೆ ಆಡಿದರೆ ಯಂತ್ರ ತಾನೇ ಹತ್ತು ನಿಮಿಷ ನಿಲ್ಲಬೇಕು. ನಿಂತಿತೆಂದೂ ಮತ್ತೆ ಶುರುವಾಯಿತೆಂದೂ ಹಾಲ್‌ನವರು ಬಾಯಿಬಿಟ್ಟು ಹೇಳಬೇಕು. ಇನ್ನು ಯಾರಾದರೂ ತಮ್ಮನ್ನು ಒಳಗೆ ಬಿಡಬೇಡಿ ಎಂದು ತಾವೇ ಫೋಟೋ ಕೊಟ್ಟರೆ, ಬಾಗಿಲಲ್ಲೇ ಅವರನ್ನು ತಡೆಯಬೇಕು.

ಚಿಕ್ಕಮ್ಮ ಹಿಡಿಕೆ ಎಳೆಯುತ್ತಲೇ ಕೇಳಿಸಿಕೊಳ್ಳುತ್ತಿದ್ದಳು. ಫೋಟೋದ ಮಾತಿಗೆ ಜೋರಾಗಿ ನಕ್ಕಳು. “ತನ್ನನ್ನ ತಾನೇ ಹೊರಗೆ ಹಾಕಿಸ್ಕೊಳ್ಳೋ ಬುದ್ಧಿವಂತರು ಯಾರಪ್ಪಾ ಇದ್ದಾರೆ?”

ಕಿಟಕಿಯ ಬಣ್ಣ ಕೆರೆಯುವ ಕೆಲಸ ನನ್ನ ಪಾಲಿಗೆ ಬಂತು. ಬ್ಲೇಡಿನಿಂದ ಕೆರೆದಂತೆಲ್ಲ ನೀಲಿ ಸಿಪ್ಪೆ ಸುರುಳಿ ಸುರುಳಿಯಾಗಿ ಬಿತ್ತು. ಮೊದಲು ಅಂಗೈಯಷ್ಟು ಬೆಳಕು, ಆಮೇಲೆ ತಟ್ಟೆಯಷ್ಟು, ಕೊನೆಗೆ ಇಡೀ ಬೀದಿ. ಎದುರಿನ ಬ್ರೆಡ್ ಅಂಗಡಿ, ಅದರ ಮುಂದೆ ಮಲಗಿದ ನಾಯಿ, ಸೈಕಲ್ ತಳ್ಳಿಕೊಂಡು ಹೋಗುವವನು, ಎಲ್ಲವೂ ಒಳಗೆ ಬಂದುಬಿಟ್ಟವು. ಒಬ್ಬ ನಿವೃತ್ತ ಬಸ್ ಡ್ರೈವರ್ ದಿನಾ ಬಾಗಿಲ ಪಕ್ಕದ ಯಂತ್ರದಲ್ಲಿ ಆಡುತ್ತಿದ್ದರು. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ಚಿಕ್ಕಮ್ಮನನ್ನು ನೋಡಿ, “ಓಹೋ, ನಿಮ್ಮ ತಲೇಲಿ ಬಿಳಿ ಕೂದಲಿದೆ!” ಎಂದರು.

“ನಿಮ್ಮ ತಲೇಲಿ ಅದೂ ಇಲ್ಲ” ಎಂದಳು ಚಿಕ್ಕಮ್ಮ.

ಯಂತ್ರಗಳ ಮೇಲೆ ಚೀಟಿ ಅಂಟಿಸಿದ್ದೂ ನಾನೇ. ಚಿಕ್ಕಮ್ಮನ ಯಂತ್ರಕ್ಕೆ ಕಿರೀಟದ ಚಿತ್ರವಿತ್ತು, ಅವಳು ಅದನ್ನು ‘ರಾಣಿ’ ಎನ್ನುತ್ತಿದ್ದಳು. ಅದರ ಚೀಟಿಯಲ್ಲಿ, ನೂರು ಬಿಲ್ಲೆ ಹಾಕಿದರೆ ಸರಾಸರಿ ಎಂಬತ್ತು ಮಾತ್ರ ಆಟಗಾರರಿಗೆ ಮರಳುತ್ತವೆ ಎಂದು ಬರೆದಿತ್ತು. ಚಿಕ್ಕಮ್ಮ ಕನ್ನಡಕ ಏರಿಸಿ ಓದಿದಳು.

“ಸರಿಯಾಗೇ ಇದೆ. ಆ ಎಂಬತ್ತು ನಂದು. ಕಳೆಯೋ ಇಪ್ಪತ್ತು ಬಸ್ಸಿನೋರದು” ಎಂದು ಚೀಟಿಯ ಮೇಲೆ ತನ್ನ ಕರವಸ್ತ್ರ ಇಳಿಬಿಟ್ಟಳು.

ಬೆಳಕು, ಗಡಿಯಾರ, ಚೀಟಿ ಯಾವುದೂ ಅವಳನ್ನು ಸ್ಟೂಲಿನಿಂದ ಎಬ್ಬಿಸಲಿಲ್ಲ. ಅವಳನ್ನು ಎಬ್ಬಿಸಿದ್ದು ಯಂತ್ರಗಳ ರಿಪೇರಿಗೆ ಬರುವ ಮೆಕ್ಯಾನಿಕ್ ಮಾಮನ ಸೋಮಾರಿತನ.

ಹತ್ತು ನಿಮಿಷ ನಿಲ್ಲಿಸುವ ಟೈಮರ್ ಪ್ರತಿ ಯಂತ್ರಕ್ಕೂ ಒಂದೊಂದು ಬಂದಿತ್ತು. ಅವನ್ನು ಕೂರಿಸಲು ಯಂತ್ರಗಳನ್ನು ಗೋಡೆಯಿಂದ ಎಳೆಯಬೇಕು, ಅವೋ ಕಬ್ಬಿಣದ ಬೀರುಗಳಷ್ಟು ಭಾರ. ಮೆಕ್ಯಾನಿಕ್ ಮಾಮ ಸೊಂಟದ ಮೇಲೆ ಕೈಯಿಟ್ಟು ಯೋಚಿಸಿದರು. ಅವರ ಸ್ವಂತ ಮನೆಯಲ್ಲಿ ಒಂದೇ ಸ್ವಿಚ್ಚಿಗೆ ದೀಪ, ಫ್ಯಾನು, ರೇಡಿಯೋ ಮೂರೂ ಸೇರಿವೆ. ಹಾಡು ಬೇಡ ಎಂದರೆ ಮನೆಯವರೆಲ್ಲ ಕತ್ತಲೆಯಲ್ಲಿ ಸೆಕೆಗೆ ಬೇಯಬೇಕು. ಅದೇ ಬುದ್ಧಿ ಇಲ್ಲೂ ಓಡಿತು. ಒಂದೇ ಒಂದು ಟೈಮರ್ ತೆಗೆದು ಮೇನ್ ಬೋರ್ಡಿಗೆ ಸಿಕ್ಕಿಸಿ, ಉಳಿದವನ್ನು ಪೆಟ್ಟಿಗೆಯಲ್ಲೇ ಬಿಟ್ಟು ಕೈ ಒರೆಸಿಕೊಂಡು ಹೋದರು.

ಮರುದಿನ ಬಾಗಿಲು ತೆರೆದು ಒಂದು ಗಂಟೆಯಾಯಿತು. ಇದ್ದಕ್ಕಿದ್ದಂತೆ ಎಲ್ಲ ಯಂತ್ರಗಳೂ ಒಟ್ಟಿಗೆ ಕಣ್ಣು ಮುಚ್ಚಿದವು.

ಅಂಥ ಮೌನವನ್ನು ಆ ಹಾಲ್ ಎಂದೂ ಕೇಳಿರಲಿಲ್ಲ. ಹಿಡಿಕೆ ಹಿಡಿದವರ ಕೈ ಹಾಗೇ ನಿಂತಿತು. ಆ ಮೌನದ ನಟ್ಟನಡುವೆ ಬಸ್ ಡ್ರೈವರರ ಹೊಟ್ಟೆ ಗುರ್ರೆಂದಿತು, ಹಳೆಯ ಬಸ್ಸು ಏರು ಹತ್ತುವ ಹಾಗೆ. ಯಾರೋ ಕಿಸಕ್ಕೆಂದರು. ಆಮೇಲೆ ಹಾಲ್‌ಗೆ ಹಾಲೇ ನಕ್ಕಿತು.

“ತಿಂಡಿ ತಿಂದಿಲ್ವೇನ್ರೀ?” ಎಂದಳು ಚಿಕ್ಕಮ್ಮ.

“ನೆನಪೇ ಆಗಲಿಲ್ಲ ಕಣಮ್ಮ” ಎಂದರು ಅವರು, ತಾವೇ ಬೆರಗಾಗಿ.

ಮಾಲೀಕರು ನನ್ನತ್ತ ಕೈ ಬೀಸಿದರು. “ಪಿಸುಮಾತೂ, ಹೇಳು! ವಿರಾಮ ಅಂತ ಹೇಳಬೇಕು, ನಿಯಮ!”

ನಾನು ಹೇಳಿದೆ. ನನಗೇ ಕೇಳಿಸಲಿಲ್ಲ. ಕೊನೆಗೆ ಬಕೆಟ್ಟನ್ನು ಬೋರಲು ಹಾಕಿ ಒರೆಸುವ ಕೋಲಿನಿಂದ ಬಡಿದೆ. ಅಂದಿನಿಂದ ಅದೇ ನನ್ನ ಗಂಟಲಾಯಿತು. ನಿಲ್ಲುವಾಗ ಎರಡು ಏಟು, ಶುರುವಾಗುವಾಗ ಮೂರು.

ಹೀಗೆ ಗಂಟೆಗೊಮ್ಮೆ ಎಲ್ಲರಿಗೂ ಒಟ್ಟಿಗೆ ಬಿಡುವು ಬಂತು. ಒಬ್ಬೊಬ್ಬರ ಯಂತ್ರ ಒಂದೊಂದು ಹೊತ್ತಿಗೆ ನಿಂತಿದ್ದರೆ ಅವರು ಪಕ್ಕದವರ ಆಟವನ್ನು ಇಣುಕಿ ನೋಡುತ್ತ ಕಳೆಯುತ್ತಿದ್ದರೇನೋ. ಈಗ ನೋಡಲು ಮನುಷ್ಯರನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಮೊದಲು ಕೆಮ್ಮಿದರು, ಆಮೇಲೆ ಗಡಿಯಾರ ಮುಂದಿದೆಯೋ ಹಿಂದಿದೆಯೋ ಎಂದು ವಾದ ಮಾಡಿದರು. ಎದುರಿನ ಅಂಗಡಿಯಿಂದ ಬಿಸಿ ಬ್ರೆಡ್ ಬಂತು. ವರ್ಷಗಟ್ಟಲೆ ಬೆನ್ನಿಗೆ ಬೆನ್ನು ಹಾಕಿ ಕೂತಿದ್ದ ಇಬ್ಬರು ಹೆಂಗಸರು ಒಂದೇ ಶಾಲೆಯಲ್ಲಿ ಓದಿದವರೆಂದು ಗೊತ್ತಾಗಿ, ಮೇಷ್ಟರೊಬ್ಬರ ನಡಿಗೆಯನ್ನು ನಟಿಸಿ ತೋರಿಸಿ ಬಿದ್ದೂ ಬಿದ್ದೂ ನಕ್ಕರು. ಒಮ್ಮೆ ಮಾತು ಅರ್ಧವಾಗಿತ್ತೆಂದು ಅವರು ಮುಂದಿನ ಆಟಕ್ಕೆ ಕೂರಲೇ ಇಲ್ಲ.

ನಾನು ಗಾಜು ಒರೆಸುತ್ತ ಚಿಕ್ಕಮ್ಮನ ಕೈ ನೋಡುತ್ತಿದ್ದೆ. ರಾಣಿ ನಿಂತೊಡನೆ ಆ ಕೈಗಳಿಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಮಡಿಲಿಗೆ ಬರುವವು, ಎದ್ದು ಹೋಗುವವು. ಒಮ್ಮೆ ಪಕ್ಕದವನ ತೋಳಿನಿಂದ ನೇತಾಡುತ್ತಿದ್ದ ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದಳು, ಅವನಿಗೆ ಹೇಳದೆ ಕೇಳದೆ. ಇನ್ನೊಮ್ಮೆ ಕೌಂಟರಿನವಳ ಕಾಲರ್ ಹಿಡಿದು, “ಇದನ್ನ ಹೊಲಿದೋನಿಗೆ ಕುತ್ತಿಗೆ ಅಂದ್ರೆ ಏನು ಅಂತ ಗೊತ್ತಾ?” ಎಂದು ಕೇಳಿದಳು.

ಆ ಸಂಜೆ ಮನೆಯಲ್ಲಿ ಕೂತು ಹಾಲ್‌ನಲ್ಲಿ ಹಾಕುವ ನನ್ನ ಅಂಗಿಯ ಮೇಲಿನ ಗುಂಡಿಯನ್ನು ಮೆಲ್ಲಗೆ ಕಿತ್ತೆ. ಚಿಕ್ಕಮ್ಮನ ಡಬ್ಬಿಯಿಂದ ಸೂಜಿ, ದಾರ ತೆಗೆದು ಜೇಬಿಗೆ ಹಾಕಿಕೊಂಡೆ.

ಮರುದಿನ ಮೊದಲ ವಿರಾಮಕ್ಕೆ ಬಕೆಟ್ ಬಡಿದು ನೇರ ಅವಳ ಮುಂದೆ ಹೋಗಿ ನಿಂತೆ. ಗುಂಡಿ, ಸೂಜಿ, ದಾರ ಇದ್ದ ಅಂಗೈ ಚಾಚಿದೆ.

“ಏನೇ ಇದು? ಕೈ ಇಲ್ವಾ ನಿಂಗೆ?”

“ನೀನು ಹಾಕಿದರೆ ಬೀಳಲ್ಲ” ಎಂದೆ.

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ನನ್ನ ಭುಜ ಹಿಡಿದು ಕಿಟಕಿಯ ಕಡೆಗೆ, ಬೆಳಕಿಗೆ ತಿರುಗಿಸಿದಳು. ಸೂಜಿಗೆ ದಾರ ಒಂದೇ ಸಲಕ್ಕೆ ಹೋಯಿತು. ಗುಂಡಿ ಕೂತಿತು. ಅಷ್ಟಕ್ಕೇ ಬಿಡದೆ ಕೆಳಗಿನ ಗುಂಡಿಗಳನ್ನೂ ಎಳೆದು ನೋಡಿ, “ಇವೂ ಇವತ್ತೋ ನಾಳೆಯೋ ಅಂತಿವೆ” ಎಂದು ಅವನ್ನೂ ಬಿಗಿ ಮಾಡಿದಳು.

ಬಸ್ ಡ್ರೈವರ್ ಇದನ್ನು ನೋಡಿದರು. ಮುಂದಿನ ವಿರಾಮಕ್ಕೆ ತಮ್ಮ ಜೇಬು ಹೊರಗೆಳೆದು ತೋರಿಸಿದರು, ಒಳಗೆ ತೂತು. “ಇದರಿಂದಲೇ ನನ್ನ ಅದೃಷ್ಟ ಸೋರಿ ಹೋಗ್ತಿದೆ ನೋಡಿ.” ಮರುದಿನ ಕೌಂಟರಿನವಳ ಕಾಲರ್ ಬಂತು. ಅದರ ಮರುದಿನ ಯಾರದೋ ಮೊಮ್ಮಗನ ಚಡ್ಡಿ. ಚಿಕ್ಕಮ್ಮ ಗದರುತ್ತ, ಬೈಯುತ್ತ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹೊಲಿದಳು. ಆದರೂ ನಾನು ಮೂರು ಏಟು ಬಡಿದೊಡನೆ ಸೂಜಿಯನ್ನು ಸೆರಗಿಗೆ ಚುಚ್ಚಿ ರಾಣಿಯ ಮುಂದೆ ಹೋಗಿ ಕೂರುತ್ತಿದ್ದಳು. ಆ ಮೂರು ಏಟು ಬಡಿಯುವಾಗ ನನ್ನ ಕೈ ಪ್ರತಿ ಸಲವೂ ಭಾರವಾಗುತ್ತಿತ್ತು.

ಶುಕ್ರವಾರ ಮಾಲೀಕರು ಮೆಕ್ಯಾನಿಕ್ ಮಾಮನನ್ನು ಕರೆಸಿ ಕೂಗಾಡಿದರು. “ಒಬ್ಬನ ಯಂತ್ರ ನಿಂತ್ರೆ ಒಬ್ಬ ಏಳ್ತಾನೆ. ಎಲ್ಲರದೂ ನಿಂತ್ರೆ ಇದು ಮದುವೆ ಮನೆ ಆಗುತ್ತೆ! ಸೋಮವಾರ ಬಂದು ಒಂದೊಂದಕ್ಕೂ ಬೇರೆ ಬೇರೆ ಹಾಕು!”

“ಸೊಂಟ ನೋವು ಸಾರ್” ಎಂದರು ಮೆಕ್ಯಾನಿಕ್ ಮಾಮ.

“ಸೊಂಟಾನೂ ಜೊತೇಲಿ ತಗೊಂಡು ಬಾ!”

ಸೋಮವಾರದಿಂದ ಈ ಬಿಡುವು ಇರುವುದಿಲ್ಲ. ಅದಕ್ಕೂ ಮೊದಲೇ, ಶನಿವಾರ, ಕೆಂಪು ಬಟ್ಟೆ ಮನೆ ಬಿಟ್ಟು ಹೋಗುತ್ತದೆ. ಕೆಲಸ ಮುಗಿದ ಮೇಲೆ ನಾನು ಮನೆಗೆ ಹೋಗಲಿಲ್ಲ. ಬ್ಯಾಂಡಿನವರು ಅಭ್ಯಾಸ ಮಾಡುವ ಶೆಡ್ಡಿಗೆ ಹೋದೆ. ಒಳಗೆ ತುತ್ತೂರಿ, ಡೋಲು ಕಿವಿ ಕಿತ್ತುಹೋಗುವಂತೆ ಮೊಳಗುತ್ತಿದ್ದವು. ಅದು ಒಳ್ಳೆಯದೇ ಆಯಿತು. ಅಷ್ಟು ಗದ್ದಲದಲ್ಲಿ ಎಲ್ಲರೂ ಕಿರುಚಲೇಬೇಕು, ನನ್ನೊಬ್ಬಳ ಕಿರುಚಾಟ ಯಾರಿಗೂ ವಿಚಿತ್ರವೆನಿಸುವುದಿಲ್ಲ.

“ನಾಳೆ ಮನೆಗೆ ಬರಬೇಡಿ! ಆಟದ ಹಾಲ್‌ಗೆ ಬನ್ನಿ! ಬಾಗಿಲು ತೆಗೆದು ಒಂದು ಗಂಟೆಗೆ!” ಎಂದು ಕೂಗಿದೆ.

ಬ್ಯಾಂಡ್ ಮಾಸ್ಟರ್ ಕೋಲು ಎತ್ತಿ ಎಲ್ಲರನ್ನೂ ನಿಲ್ಲಿಸಿದರು. “ನೀನು ಟೈಲರಮ್ಮನ ಅಕ್ಕನ ಮಗಳಲ್ವಾ? ಮಾತಾಡಕ್ಕೆ ಬರುತ್ತೇನಮ್ಮ ನಿಂಗೆ?”

ತಂಡವೆಲ್ಲ ನನ್ನನ್ನೇ ನೋಡಿತು. ತಲೆಯಾಡಿಸಿ ಓಡಿಬಂದೆ.

ಶನಿವಾರ ನಾನು ಎರಡು ಏಟು ಬಡಿದು ಮುಗಿಸುವಷ್ಟರಲ್ಲಿ ಬ್ಯಾಂಡ್ ಮಾಸ್ಟರ್ ಬಾಗಿಲಲ್ಲಿದ್ದರು. ಹಳೆಯ ಕೋಟು ಹಾಕಿಕೊಂಡೇ ಬಂದಿದ್ದರು. ಅದರ ಕೆಂಪು ಎಂದೋ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಹೊಟ್ಟೆಯ ಮೇಲೆ ಗುಂಡಿಗಳು ಉಸಿರು ಬಿಗಿ ಹಿಡಿದು ನಿಂತಿದ್ದವು, ಒಂದು ತೋಳು ಮೊಣಕೈ ಹತ್ತಿರ ಬಿರಿದಿತ್ತು.

ಚಿಕ್ಕಮ್ಮ ಅವರನ್ನು ನೋಡಿ ಮೊದಲು ಹೊರಬಾಗಿಲ ಕಡೆ ಕಣ್ಣು ಹಾಯಿಸಿದಳು. ಆದರೆ ಬಾಗಿಲಲ್ಲಿ ಅವರೇ ತುಂಬಿಕೊಂಡಿದ್ದರು.

“ಬಟ್ಟೆ ವಾಪಸ್ ಕೇಳೋಣ ಅಂತ ಬಂದೆ ಟೈಲರಮ್ಮ” ಎಂದರು ಅವರು ಸಂಕೋಚದಿಂದ.

ಚಿಕ್ಕಮ್ಮನ ಕಣ್ಣು ಆ ಬಿರಿದ ತೋಳಿನ ಮೇಲಿತ್ತು. “ಈ ಕೋಟು ಯಾರು ಹೊಲಿದದ್ದು?”

“ಬೇರೆ ಊರಿನವರು ಯಾರೋ. ಅವರಿಗೇ ಮತ್ತೆ ಕೊಡೋಣ ಅಂತ…”

“ಅವರಿಗಾ? ಮತ್ತೆ ಅವರಿಗಾ?” ಚಿಕ್ಕಮ್ಮ ಎದ್ದೇಬಿಟ್ಟಳು. “ಕೈ ಎತ್ತಿ. ಇನ್ನೂ ಮೇಲೆ. ಎತ್ತಕ್ಕೇ ಆಗ್ತಿಲ್ಲ ನೋಡಿ! ಬ್ಯಾಂಡ್ ಮಾಸ್ಟ್ರಿಗೆ ಕೈ ಎತ್ತಕ್ಕೆ ಆಗದಿರೋ ಕೋಟು! ಕಂಕುಳಲ್ಲಿ ಬಟ್ಟೆ ಬಿಡದೆ ಹೊಲಿದ್ರೆ ಏನಾಗುತ್ತೆ? ಇಲ್ಲಿ ಬನ್ನಿ, ಬೆಳಕಿಗೆ ಬನ್ನಿ.”

ಕೈಚೀಲದ ತಳದಿಂದ ಅಳತೆ ಟೇಪು ಹೊರಬಂತು. ಇಷ್ಟು ದಿನವೂ ಅದು ಅಲ್ಲೇ ಇತ್ತು ಎಂದು ನನಗೂ ಗೊತ್ತಿರಲಿಲ್ಲ. ಅವಳು ಭುಜ ಅಳೆದಳು, ತೋಳು ಅಳೆದಳು, ಸಂಖ್ಯೆಗಳನ್ನು ಗಟ್ಟಿಯಾಗಿ ಹೇಳಿದಳು. ಶಾಲೆಯ ಗೆಳತಿಯರಿಬ್ಬರೂ ಅವನ್ನು ನೆನಪಿಡುವ ಜವಾಬ್ದಾರಿ ಹೊತ್ತು ಪರಸ್ಪರ ತಿದ್ದಿಕೊಂಡರು. ಹೊಟ್ಟೆಯ ಸುತ್ತ ಟೇಪು ಹಾಕುವಾಗ ಬ್ಯಾಂಡ್ ಮಾಸ್ಟರ್ ಉಸಿರು ಒಳಗೆಳೆದರು.

“ಉಸಿರು ಬಿಡಿ ಮಾಸ್ಟ್ರೇ. ನಿಮ್ಮ ಹೊಟ್ಟೆ ನಂಗೇನು ಹೊಸದಾ? ಊರೆಲ್ಲ ನೋಡಿದೆ.”

ಅಷ್ಟರಲ್ಲಿ ಯಂತ್ರಗಳ ದೀಪ ಹತ್ತಿದವು. ರಾಣಿಯ ಕಿರೀಟ ಮಿನುಗತೊಡಗಿತು. ಚಿಕ್ಕಮ್ಮನ ಬೆನ್ನು ಅತ್ತ ಇತ್ತು. ನನ್ನ ಕೈಯಲ್ಲಿ ಕೋಲಿತ್ತು, ಮುಂದೆ ಬಕೆಟ್ ಇತ್ತು. ನಾನು ಬಡಿಯಲಿಲ್ಲ.

ಬಸ್ ಡ್ರೈವರ್ ನನ್ನನ್ನು ನೋಡಿದರು, ಚಿಕ್ಕಮ್ಮನನ್ನು ನೋಡಿದರು. ಕೈಯಲ್ಲಿದ್ದ ಬಿಲ್ಲೆಯನ್ನು ಸದ್ದಾಗದಂತೆ ಹೊಸದಾಗಿ ಹೊಲಿದ ಜೇಬಿಗೆ ಇಳಿಸಿದರು. ಅವರನ್ನು ನೋಡಿ ಉಳಿದವರೂ ಹಿಡಿಕೆ ಮುಟ್ಟಲಿಲ್ಲ. ಮಾಲೀಕರು ಮಾತ್ರ ಕೌಂಟರಿನಿಂದ ಕೈ ಆಡಿಸಿದರು, ಕಣ್ಣು ಬಿಟ್ಟರು, ಕೊನೆಗೆ ತಾಳಲಾರದೆ ಹತ್ತಿರ ಬಂದು ಗದರಿದರು. “ಏಯ್ ಪಿಸುಮಾತೂ, ಶುರು ಅಂತ ಹೇಳೇ!”

“ಹೇಳಲ್ಲ!” ಎಂದೆ.

ನನ್ನ ದನಿ ಅಷ್ಟು ದೊಡ್ಡದೆಂದು ನನಗೆ ತಿಳಿದಿರಲಿಲ್ಲ. ಗಾಜುಗಳು ಸಣ್ಣಗೆ ಅದುರಿದವು. ಎದುರು ಬ್ರೆಡ್ ಅಂಗಡಿಯ ನಾಯಿ ತಲೆಯೆತ್ತಿತು. ಚಿಕ್ಕಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ತಿರುಗಿದಳು. ನನ್ನನ್ನು ನೋಡಿದಳು. ಮಿನುಗುವ ರಾಣಿಯನ್ನು ನೋಡಿದಳು, ಅದರ ಮೇಲೆ ಇಳಿಬಿಟ್ಟಿದ್ದ ತನ್ನ ಕರವಸ್ತ್ರವನ್ನು ನೋಡಿದಳು. ನಾನು ಉಸಿರು ಹಿಡಿದೆ. ಬ್ಯಾಂಡ್ ಮಾಸ್ಟರ್ ಕೂಡ ಹಿಡಿದರು.

ಚಿಕ್ಕಮ್ಮ ಸೂಜಿಗಳನ್ನು ಬಾಯಿಂದ ತೆಗೆದಳು.

“ಮಾಲೀಕ್ರೇ, ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ. ನಿಮ್ಮ ನೆರಳು ಟೇಪಿನ ಮೇಲೆ ಬೀಳ್ತಿದೆ” ಎಂದಳು.

ಅಳತೆ ಮುಗಿಸಿ ಅವಳು ಬ್ಯಾಂಡ್ ಮಾಸ್ಟರನ್ನು ಮುಂದೆ ಹಾಕಿಕೊಂಡು ಹೊರಟಳು. ಉಳಿದವರ ಅಳತೆಗೆ ಶೆಡ್ಡಿಗೇ ಹೋಗಬೇಕಂತೆ, ಇವತ್ತೇ ಆಗಬೇಕಂತೆ. ಬಾಗಿಲ ಹತ್ತಿರ ತಿರುಗಿ, “ಲೇ, ಮನೆಗೆ ಹೋದ ಕೂಡಲೇ ನನ್ನ ಯಂತ್ರದ ಮೇಲಿರೋ ಸಂತೇನೆಲ್ಲ ತೆಗೆದುಹಾಕು. ನಿಮ್ಮಪ್ಪನ ಟೋಪಿ ಮೊದಲು” ಎಂದಳು. ನಾನು ಕರವಸ್ತ್ರ ತೆಗೆದು ಅವಳ ಕೈಗೆ ಕೊಟ್ಟೆ. ಬಯಲಾದ ಚೀಟಿಯನ್ನು ದೂರದಿಂದಲೇ ಮತ್ತೊಮ್ಮೆ ಓದಿದಳು. “ಕಳೆಯೋ ಇಪ್ಪತ್ತೂ ನಂದೇ ಆಗಿತ್ತು ಬಿಡು” ಎಂದು ಮೆಲ್ಲಗೆ ಹೇಳಿ ಮೆಟ್ಟಿಲಿಳಿದಳು.

ಸೋಮವಾರ ಮೆಕ್ಯಾನಿಕ್ ಮಾಮ ಬಂದರು, ತಪಾಸಣೆ ಮೇಡಮ್ಮೂ ಬಂದರು. ಒಂದೇ ಟೈಮರ್ ಹಾಕಿಸಿದ ತಪ್ಪನ್ನು ಮಾಲೀಕರು ಕೈಮುಗಿದು ಒಪ್ಪಿಕೊಂಡರು. ಮೇಡಂ ಮೇನ್ ಬೋರ್ಡ್ ನೋಡಿದರು, ಒಂದು ವಿರಾಮ ಕೂತು ನೋಡಿದರು, ಬ್ರೆಡ್ಡೂ ತಿಂದರು. “ಯಾರೂ ಗಂಟೆಗಿಂತ ಹೆಚ್ಚು ಬಿಡದೆ ಆಡಬಾರದು ಅನ್ನೋದು ನಿಯಮ. ಇಲ್ಲಿ ಯಾರೂ ಹಾಗೆ ಆಡ್ತಿಲ್ಲ. ಹೀಗೇ ಇರಲಿ, ನನ್ನ ತಕರಾರಿಲ್ಲ” ಎಂದರು. ಮಾಲೀಕರು ಪೆಚ್ಚಾಗಿ ಟೈಮರ್ ಪೆಟ್ಟಿಗೆಯತ್ತ ನೋಡಿದರು. ಅದನ್ನು ಎತ್ತಿಕೊಂಡು ಮೊದಲು ಆಚೆ ನಡೆದವರು ಮೆಕ್ಯಾನಿಕ್ ಮಾಮ, ಸೊಂಟ ನೋವಿನ ಸುಳಿವೇ ಇಲ್ಲದಂತೆ.

ಚಿಕ್ಕಮ್ಮ ಆಮೇಲೆ ಒಂದೇ ಸಲ ಹಾಲ್‌ಗೆ ಬಂದಳು, ಮೊದಲ ಕೋಟು ಮುಗಿದ ದಿನ. ಬಾಗಿಲಲ್ಲೇ ನಿಂತು ನನ್ನ ಕೈಗೆ ಒಂದು ಫೋಟೋ ಇಟ್ಟಳು. ಕೊರಳಲ್ಲಿ ಟೇಪು, ಮುಖದಲ್ಲಿ ಸಿಟ್ಟು, ಸುತ್ತ ಕೆಂಪು ಬಟ್ಟೆ.

“ಕೌಂಟರಿನವಳಿಗೆ ಕೊಡು. ಈ ಹೆಂಗಸನ್ನ ಒಳಗೆ ಬಿಡಬಾರದಂತೆ. ಮಹಾ ಮಾತುಗಾತಿ, ಏನೇನೋ ಹೇಳಿ ನುಗ್ಗಕ್ಕೆ ನೋಡ್ತಾಳೆ. ತಡೀತೀಯಾ?”

“ತಡೀತೀನಿ” ಎಂದೆ.

“ಕೇಳಿಸಲಿಲ್ಲ.”

“ತಡೀತೀನಿ!”

“ಹಾಂ” ಎಂದು ನನ್ನ ಗುಂಡಿಯೊಂದನ್ನು ಎಳೆದು ಪರೀಕ್ಷಿಸಿ ಹೊರಟುಹೋದಳು.

ಕೋಟುಗಳೆಲ್ಲ ಮುಗಿದ ಮೇಲೆ ಬ್ಯಾಂಡ್ ನಮ್ಮ ಬೀದಿಯಲ್ಲೇ ಮೊದಲ ಸಲ ಹೊರಟಿತು, ಸರಿಯಾಗಿ ವಿರಾಮದ ಹೊತ್ತಿಗೆ. ಅದನ್ನು ಹೊಂದಿಸಿದವರು ಯಾರೆಂದು ನಾನು ಹೇಳುವುದಿಲ್ಲ. ಎರಡು ಏಟು ಬಡಿದೊಡನೆ ಎಲ್ಲರೂ ಕಿಟಕಿಗೆ ಓಡಿದರು, ಮಾಲೀಕರೂ ಸೇರಿ. ಕೆಳಗೆ ಇಡೀ ಬೀದಿ ಕೆಂಪಾಗಿತ್ತು. ಬ್ಯಾಂಡ್ ಮಾಸ್ಟರ್ ಎರಡೂ ಕೈಗಳನ್ನು ತಲೆಯ ಮೇಲಕ್ಕೆ, ಆಕಾಶಕ್ಕೆ ಎತ್ತಿದರು. ಒಂದು ಹೊಲಿಗೆಯೂ ಬಿಡಲಿಲ್ಲ.

ಚಿಕ್ಕಮ್ಮ ಎದುರಿನ ಬ್ರೆಡ್ ಅಂಗಡಿಯ ಮುಂದೆ ನಿಂತಿದ್ದಳು. ನಾನು ಕಿಟಕಿ ತೆರೆದು ತುತ್ತೂರಿಗಳ ಮೇಲಿಂದ ಕೂಗಿದೆ. “ಹೇಗಿದೆ ಚಿಕ್ಕಮ್ಮಾ?”

ಅವಳು ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದಳು. “ಡೋಲಿನವನ ಎಡತೋಳು ಒಂಚೂರು ಉದ್ದ ಆಗಿದೆ! ಸಂಜೆ ಬಿಚ್ಚಿಕೊಂಡು ಬರಕ್ಕೆ ಹೇಳು!”